ನಲ್ಲಪ್ಪನವರ ಬಾವಿಯ ಚಂದ್ರ

ನಮ್ಮ ಕಾರ್ಖಾನೆಯ ಟರ್ನರುಗಳು ನಲ್ಲಪ್ಪನವರನ್ನು ಕಂಡರೆ ಮುಖ ಗಂಟಿಕ್ಕಿಕೊಳ್ಳುತ್ತಿದ್ದರು. ಅದರಲ್ಲಿ ಟರ್ನರುಗಳ ತಪ್ಪಿಲ್ಲ, ನಲ್ಲಪ್ಪನವರ ತಪ್ಪೂ ಇಲ್ಲ. ಕೆಲಸವೇ ಅಂಥದ್ದು. ಒಬ್ಬ ಎಂಟು ಗಂಟೆ ಲೇತಿನ ಮುಂದೆ ನಿಂತು ಮಾಡಿಟ್ಟ, ನಡುವೆ ತೂತಿರುವ ಬುಷ್‌ಗಳನ್ನು ಇವರು ಒಂದೊಂದಾಗಿ ಎತ್ತಿ, ತೂತಿನೊಳಗೆ ಗೇಜ್ ತೂರಿಸಿ ನೋಡಬೇಕು. ಸರಿಯಿದ್ದರೆ ಪಂಚ್ ಹೊಡೆದು ಮುಂದಕ್ಕೆ ಕಳಿಸಬೇಕು, ಇಲ್ಲವಾದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಹಾಕಬೇಕು. ಇಪ್ಪತ್ತು ವರ್ಷ ಅವರು ಮಾಡಿದ್ದು ಇದನ್ನೇ. ಯಾರ ಮುಲಾಜಿಗೂ ಒಂದು ಕೆಟ್ಟ ಪೀಸು ಅವರ ಕೈ ದಾಟಿ ಹೋದದ್ದಿಲ್ಲ.

ಆ ಗೇಜಿನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಅದು ಗೇಣುದ್ದದ ಉಕ್ಕಿನ ಕಡ್ಡಿ, ಅದಕ್ಕೆ ಎರಡು ತುದಿ. ‘ಗೋ’ ಎನ್ನುವ ತುದಿ ತೂತಿನೊಳಗೆ ಸಲೀಸಾಗಿ ಹೋಗಬೇಕು. ‘ನೋ-ಗೋ’ ಎನ್ನುವ ತುದಿ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ, ಅದು ಹೋಗಬಾರದು. ಹೋಯಿತೋ, ತೂತು ದೊಡ್ಡದಾಗಿದೆ, ಮಾಲು ಕೆಟ್ಟಿದೆ ಎಂದು ಅರ್ಥ. ಇಷ್ಟೇ ವಿದ್ಯೆ. ಇಷ್ಟು ವಿದ್ಯೆಯನ್ನು ಮನುಷ್ಯ ತನ್ನ ಮೇಲೆಯೇ ಪ್ರಯೋಗಿಸಿಕೊಳ್ಳಬೇಕಾಗಿ ಬಂದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ.

ನಾನು ಅದೇ ಕಾರ್ಖಾನೆಯ ಟೂಲ್ ಸ್ಟೋರ್ಸಿನಲ್ಲಿ ಗುಮಾಸ್ತ, ಹೆಸರು ಶ್ಯಾಮಣ್ಣ. ಜಾಲಹಳ್ಳಿಯ ನಮ್ಮ ಕ್ವಾರ್ಟರ್ಸಿನ ಕನ್ನಡ ಸಂಘಕ್ಕೆ ಕಾರ್ಯದರ್ಶಿಯೂ ಆಗಿದ್ದೆ. ಬೇರೆ ಯಾರೂ ಒಪ್ಪದ ಕಾರಣ ನನ್ನನ್ನು ಮಾಡಿದ್ದರು. ನಲ್ಲಪ್ಪನವರು ಕ್ವಾರ್ಟರ್ಸಿನವರಲ್ಲ, ಅಲ್ಲಿಯ ಹಳ್ಳಿಯವರೇ. ಕಾರ್ಖಾನೆಗೆ ಅವರಪ್ಪನ ರಾಗಿ ಹೊಲ ಹೋಯಿತು, ಬದಲಿಗೆ ಮಗನಿಗೆ ಕೆಲಸ ಬಂತು. ಮನೆ, ಹಿತ್ತಲು, ಹಿತ್ತಲಿನ ಸೇದುವ ಬಾವಿ ಉಳಿದುಕೊಂಡವು. ಆಮೇಲೆ ಪೀಣ್ಯದ ಕಡೆಯಿಂದ ಸಣ್ಣ ಸಣ್ಣ ಕಾರ್ಖಾನೆಗಳು ಬೆಳೆಯುತ್ತ ಬಂದು ಅವರ ಬೇಲಿಗೆ ತಾಕಿಕೊಂಡವು. ನಲ್ಲಪ್ಪನವರು ಸೈಕಲ್ ಹತ್ತಿ ಕೆಲಸಕ್ಕೆ ಬರುತ್ತಿದ್ದರು, ಸೈಕಲ್ ಹತ್ತಿ ಹೋಗುತ್ತಿದ್ದರು, ಮಾತು ಕಡಿಮೆ.

ಎಂಬತ್ತೆರಡನೇ ಇಸವಿ ಸಂಕ್ರಾಂತಿ ಕಳೆದ ಮೇಲೆ ಆ ಮನುಷ್ಯನಿಗೆ ಮಾತು ಬಂತು.

ಆಗಿದ್ದು ಇಷ್ಟು. ನಮ್ಮ ಸಂಘದ ಗ್ರಂಥಾಲಯದಲ್ಲಿ ಯಾವುದೋ ಹಳೆಯ ಪತ್ರಿಕೆಯಲ್ಲಿ ಸಮುದ್ರದ ಉಬ್ಬರ ಇಳಿತದ ಬಗ್ಗೆ ಒಂದು ಲೇಖನ ಓದಿದರಂತೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಚಂದ್ರ ಸೂರ್ಯ ಇಬ್ಬರೂ ಸೇರಿ ಎಳೆಯುವುದರಿಂದ ನೀರು ಹೆಚ್ಚು ಏರುತ್ತದೆ, ಅಷ್ಟಮಿಯ ಹೊತ್ತಿಗೆ ಕಡಿಮೆ ಏರುತ್ತದೆ ಎಂದು ಅದರಲ್ಲಿ ಇತ್ತು. ಸಮುದ್ರದ ನೀರನ್ನು ಎಳೆಯುವ ಚಂದ್ರ ನಮ್ಮ ಬಾವಿಯ ನೀರನ್ನು ಯಾಕೆ ಬಿಟ್ಟಾನು ಎಂಬ ಪ್ರಶ್ನೆ ಇವರಿಗೆ ಹುಟ್ಟಿತು. ಇನ್ನೊಬ್ಬನಾಗಿದ್ದರೆ ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟು ಚಹಾ ಕುಡಿಯಲು ಹೋಗುತ್ತಿದ್ದ. ಇವರು ಒಂದು ಉಕ್ಕಿನ ಟೇಪು ಕೊಂಡು ತಂದರು. ಅದರ ಕೆಳಭಾಗಕ್ಕೆ ಸೀಮೆಸುಣ್ಣ ಉಜ್ಜಿ ಬಾವಿಗೆ ಇಳಿಬಿಡುವುದು, ಮೇಲೆತ್ತಿ ಸುಣ್ಣ ಎಲ್ಲಿಯವರೆಗೆ ನೆನೆದಿದೆ ಎಂದು ನೋಡುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು. ದಿನಕ್ಕೊಂದು ಸಲ. ಭಾನುವಾರ ರಜಾ. ಅವರು ಬಾವಿಗೂ ಭಾನುವಾರ ರಜಾ ಕೊಟ್ಟಿದ್ದರು.

ಎರಡು ತಿಂಗಳಾದ ಮೇಲೆ ಆ ನೋಟ್‌ಬುಕ್ಕನ್ನು ನನ್ನ ಸ್ಟೋರ್ಸಿನ ಕಿಟಕಿಗೆ ತಂದರು. ನನ್ನ ರಿಜಿಸ್ಟರಿನ ಮೇಲೆಯೇ ಬಿಡಿಸಿಟ್ಟರು.

“ನೋಡು ಶ್ಯಾಮಣ್ಣ. ಉಣ್ಣಿಮೆ ವಾರ ನೀರು ಮೇಲೆ. ಅಷ್ಟಮಿ ವಾರ ಒಂದು ಗೇಣು ಕೆಳಕ್ಕೆ. ಮತ್ತೆ ಅಮಾಸೆ ವಾರ ಮೇಲೆ. ಒಂದು ಸಲಾನೂ ತಪ್ಪಿಲ್ಲ.”

ನಾನು ನೋಡಿದೆ. ಕ್ಯಾಲೆಂಡರ್ ಇಟ್ಟುಕೊಂಡು ತಾಳೆ ನೋಡಿದೆ. ನಿಜವಾಗಿಯೂ ತಪ್ಪಿರಲಿಲ್ಲ. ನನಗೆ ರೋಮಾಂಚನವೇ ಆಯಿತು, ಸುಳ್ಳು ಯಾಕೆ ಹೇಳಲಿ. ಸಂಘದ ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷ ಒಂದು ವಿಜ್ಞಾನ ಉಪನ್ಯಾಸ ಇರುತ್ತಿತ್ತು. ಪ್ರತಿ ವರ್ಷವೂ ಯಾರೋ ಒಬ್ಬ ದೊಡ್ಡ ಸಾಹೇಬರು ಬಂದು ಅರ್ಧ ಇಂಗ್ಲಿಷಿನಲ್ಲಿ ಮಾತಾಡಿ ನಮಗೆ ನಿದ್ದೆ ಬರಿಸಿ ಹೋಗುತ್ತಿದ್ದರು. ಈ ಸಲ ನಮ್ಮ ನಲ್ಲಪ್ಪನವರೇ ಮಾತಾಡಲಿ ಎಂದು ಯಾರನ್ನೂ ಕೇಳದೆ ನೋಟೀಸ್ ಬೋರ್ಡಿನಲ್ಲಿ ಬರೆದುಬಿಟ್ಟೆ. ‘ಬಾವಿಯ ನೀರೂ ಚಂದ್ರನೂ: ಉಪನ್ಯಾಸಕರು ಶ್ರೀ ನಲ್ಲಪ್ಪನವರು, ಇನ್‌ಸ್ಪೆಕ್ಷನ್ ವಿಭಾಗ.’

ಆ ದಿನ ಅವರು ಊಟದ ಬಿಡುವಿನಲ್ಲಿ ಮೂರು ಸಲ ಆ ಬೋರ್ಡಿನ ಮುಂದೆ ಹಾದುಹೋದರು. ಇಪ್ಪತ್ತು ವರ್ಷ ಬೇರೆಯವರ ಕೆಲಸಕ್ಕೆ ಮುದ್ರೆ ಹೊಡೆದ ಕೈ ಅದು. ಸ್ವಂತದ್ದು ಅಂತ ಒಂದಾದರೂ ಇರಲಿ ಎಂದು ಅವರಿಗೆ ಎಷ್ಟು ಆಸೆಯಿತ್ತು ಎಂಬುದು ಆ ದಿನ ನನಗೆ ಗೊತ್ತಾಯಿತು. ಹಳ್ಳಿಯಲ್ಲಿಯೂ ಸುದ್ದಿ ಹಬ್ಬಿತು. ಅರಳಿಕಟ್ಟೆಯಲ್ಲಿ ಜನ ಅವರನ್ನು ಕೂರಿಸಿಕೊಂಡು ಚಂದ್ರನ ವಿಷಯ ಕೇಳತೊಡಗಿದರು.

ಕಮಿಟಿಯಲ್ಲಿ ಮಾತ್ರ ಗಲಾಟೆಯಾಯಿತು. ಇದು ವಿಜ್ಞಾನವಲ್ಲ, ಪಂಚಾಂಗ ಎಂದು ಇಬ್ಬರು ಎದ್ದು ನಿಂತರು. ನಮ್ಮ ಅಧ್ಯಕ್ಷರು ಯಾರ ಮನಸ್ಸನ್ನೂ ನೋಯಿಸದ ಜಾಣರು. ಕ್ವಾಲಿಟಿ ಕಂಟ್ರೋಲಿನ ಎಂಜಿನಿಯರು ಹನುಮಯ್ಯನವರು ನೋಡಲಿ, ಅವರು ವಿಜ್ಞಾನ ಎಂದರೆ ಉಪನ್ಯಾಸ ಉಂಟು, ಅಲ್ಲ ಎಂದರೆ ಬೋರ್ಡು ಒರೆಸುವುದು ಎಂದು ತೀರ್ಮಾನ ಕೊಟ್ಟರು.

ಹನುಮಯ್ಯ ತುಮಕೂರು ಕಡೆಯವರು, ಮೂವತ್ತು ದಾಟಿರದ ಹುಡುಗಾಟದ ಮುಖ. ನನಗೆ ಎಂಜಿನಿಯರುಗಳೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಸ್ಪ್ಯಾನರ್ ಒಯ್ಯುತ್ತಾರೆ, ವಾಪಸ್ ಕೊಡುವುದಿಲ್ಲ. ಈ ಮನುಷ್ಯ ನಲ್ಲಪ್ಪನವರನ್ನು ಗೇಲಿ ಮಾಡಿದರೆ ಸಂಘವನ್ನೇ ಬಿಟ್ಟುಬಿಡಬೇಕು ಎಂದು ತೀರ್ಮಾನಿಸಿಕೊಂಡೇ ಅವರಿಬ್ಬರನ್ನೂ ಎದುರುಬದುರು ಕೂರಿಸಿದೆ. ಅಷ್ಟು ಹೊತ್ತಿಗೆ ಮೇ ತಿಂಗಳು ಬಂದಿತ್ತು. ನೋಟ್‌ಬುಕ್ಕಿನಲ್ಲಿ ಇನ್ನಷ್ಟು ಪುಟ ತುಂಬಿದ್ದವು.

ಹನುಮಯ್ಯ ಗೇಲಿ ಮಾಡಲಿಲ್ಲ. ಒಂದು ಗಂಟೆ ಸುಮ್ಮನೆ ಪುಟ ತಿರುವಿದರು. ಆಮೇಲೆ ಕೇಳಿದರು.

“ನಲ್ಲಪ್ಪನವರೇ, ಮೊದಲೆರಡು ತಿಂಗಳು ಹುಣ್ಣಿಮೆ ವಾರದಲ್ಲೇ ನೀರು ಏರಿದೆ. ಏಪ್ರಿಲ್ ಮೊದಲ್ನೇ ವಾರ ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಏರಿದೆ. ಈಗ ಐದಾರು ದಿನ ಮುಂಚೆ. ಇದು ಹೇಗೆ?”

“ಅದೇ ಸಾರ್ ಇಸ್ಯ. ಚಂದ್ರ ತುಂಬೋಕೆ ಮುಂಚೇನೇ ನೀರಿಗೆ ಗೊತ್ತಾಗ್ಬಿಡ್ತದೆ.”

“ಜನವರೀಲಿ ಗೊತ್ತಾಗ್ತಿರ್ಲಿಲ್ವಾ?”

“ಬೇಸ್ಗೇಲಿ ನೀರು ಕಮ್ಮಿ ಆಯ್ತದಲ್ಲ ಸಾರ್. ಕಮ್ಮಿ ನೀರು ಅಗೂರ. ಬೇಗ ಏಳ್ತದೆ.”

ನನಗೆ ಈ ಉತ್ತರ ಭಲೇ ಅನ್ನಿಸಿತು. ಹನುಮಯ್ಯ ತಲೆಯಾಡಿಸಿದರು. ಆಮೇಲೆ ಮೇಜಿನ ಮೇಲಿದ್ದ ಒಂದು ಗೇಜನ್ನು ತೆಗೆದುಕೊಂಡು ನಲ್ಲಪ್ಪನವರ ಕೈಯಲ್ಲಿ ಇಟ್ಟರು.

“ನೀರು ಹುಣ್ಣಿಮೆಗೆ ಏರಿದ್ರೂ ನಿಮ್ಮ ಮಾತು ಸರಿ. ಮುಂಚೆ ಏರಿದ್ರೂ ಸರಿ. ನಾಳೆ ಅಷ್ಟಮಿಗೆ ಏರಿದ್ರೂ ನೀವೊಂದು ಕಾರಣ ಹೇಳ್ತೀರಿ. ಹಾಗಾದ್ರೆ ಈ ಥಿಯರಿಗೆ ನೋ-ಗೋ ತುದಿ ಎಲ್ಲಿದೆ?”

ನಲ್ಲಪ್ಪನವರ ಮುಖದ ಬಣ್ಣ ಹೋಯಿತು. ಬೈದಿದ್ದರೂ ಅವರಿಗೆ ಅಷ್ಟು ತಾಕುತ್ತಿರಲಿಲ್ಲ. ಒಂದೇ ತುದಿಯ ಗೇಜನ್ನು ಯಾರಾದರೂ ತಂದುಕೊಟ್ಟರೆ ಮೊದಲು ಅದನ್ನು ಕಸಕ್ಕೆ ಎಸೆಯುವ ಮನುಷ್ಯ ಅವರು. ಎಲ್ಲ ತೂತಿಗೂ ಹೋಗುವ ಗೇಜು ಏನನ್ನೂ ಅಳೆಯುವುದಿಲ್ಲ ಎಂದು ಹೊಸದಾಗಿ ಬಂದವರಿಗೆಲ್ಲ ಪಾಠ ಹೇಳಿದವರೂ ಅವರೇ.

“ಇಲ್ಲ ಸಾರ್,” ಎಂದರು ಕೊನೆಗೆ. “ಅದು ಮಾಡಿಲ್ಲ. ಮಾಡ್ತೀನಿ.”

ಹನುಮಯ್ಯ ಎರಡೇ ಷರತ್ತು ಹಾಕಿದರು. ಮುಂದಿನ ಹದಿನೈದು ದಿನ ನೀರು ಏನು ಮಾಡಬೇಕು, ಏನು ಮಾಡಿದರೆ ತಮ್ಮ ಮಾತು ತಪ್ಪು ಎಂದು ಮೊದಲೇ ಬರೆದುಕೊಡಬೇಕು. ಅಳೆಯುವವರು ಬೇರೆಯವರಾಗಬೇಕು, ನಲ್ಲಪ್ಪನವರು ಬಾವಿಯ ಹತ್ತಿರ ಸುಳಿಯಬಾರದು. ನಲ್ಲಪ್ಪನವರು ಅಲ್ಲಿಯೇ ಕೂತು ಬರೆದರು: ‘ಅಮಾವಾಸ್ಯೆಯ ಆಚೀಚೆ ನೀರು ಮೇಲಿರಬೇಕು. ಅಷ್ಟಮಿಯ ಆಚೀಚೆ ಒಂದು ಗೇಣು ಇಳಿದಿರಬೇಕು. ಇಳಿಯದಿದ್ದರೆ ನನ್ನ ಮಾತು ಸುಳ್ಳು.’ ಸಹಿ ಹಾಕಿ ಕವರಿನಲ್ಲಿಟ್ಟು ಅಂಟಿಸಿದರು. ಕವರು ನನ್ನ ಸ್ಟೋರ್ಸಿನ ಡ್ರಾಯರಿಗೆ ಹೋಯಿತು. ಇದನ್ನು ಬರೆಯದೆ ಇದ್ದಿದ್ದರೆ ಉಪನ್ಯಾಸಕ್ಕೆ ಏನೋ ಒಂದು ದಾರಿ ಮಾಡಬಹುದಿತ್ತಲ್ಲ ಎಂದು ನನಗೆ ಒಳಗೊಳಗೆ ಸಂಕಟ. ನನಗೆ ಅವರು ಗೆಲ್ಲಬೇಕಿತ್ತು. ಸರಿಯೋ ತಪ್ಪೋ ಆಮೇಲಿನ ಮಾತು.

ಅಳೆಯುವ ಕೆಲಸ ಅವರ ಹೆಂಡತಿ ಅಶ್ವತ್ಥಮ್ಮನ ಮೇಲೆ ಬಿತ್ತು. ಆಕೆ ನಾಲ್ಕನೇ ಕ್ಲಾಸಿನವರೆಗೆ ಓದಿದವರು, ಅಂಕಿ ಚೆನ್ನಾಗಿ ಬರುತ್ತಿತ್ತು. ಒಂದು ಸಲ ತೋರಿಸಿಕೊಟ್ಟದ್ದೇ ಸಾಕಾಯಿತು. ನೋಟ್‌ಬುಕ್ಕು ಬೇಡ ಎಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಬರೆದುಕೊಳ್ಳುತ್ತೇನೆ ಎಂದರು. ನಲ್ಲಪ್ಪನವರು ಹದಿನೈದು ದಿನ ಅಡುಗೆಮನೆಗೆ ಹೋಗದೆ ಜಗುಲಿಯಲ್ಲಿಯೇ ಮುದ್ದೆ ನುಂಗಿದರು. ಸೆಕ್ಷನ್ನಿನಲ್ಲಿ ಮಾತ್ರ ಅವರ ಸಿಡುಕು ಯಾರಿಗೂ ತಡೆಯಲಾಗಲಿಲ್ಲ.

ಹದಿನಾರನೆಯ ದಿನ ಭಾನುವಾರ. ಹನುಮಯ್ಯನವರೂ ನಾನೂ ಕವರು ಹಿಡಿದುಕೊಂಡು ಅವರ ಮನೆಗೆ ಹೋದೆವು. ಅಶ್ವತ್ಥಮ್ಮ ಮಜ್ಜಿಗೆ ಕೊಟ್ಟು, ಗೋಡೆಯಿಂದ ಕ್ಯಾಲೆಂಡರನ್ನೇ ಬಿಚ್ಚಿ ತಂದು ಜಗುಲಿಯ ಮೇಲೆ ಹಾಸಿದರು. ಮೂರು ಜನ ಬಗ್ಗಿ ನೋಡಿದೆವು. ಅಮಾವಾಸ್ಯೆಯಲ್ಲಿಯೂ ಅದೇ ಅಂಕಿ, ಅಷ್ಟಮಿಯಲ್ಲಿಯೂ ಅದೇ ಅಂಕಿ. ಬೇಸಿಗೆಗೆ ದಿನಕ್ಕೊಂದು ದಾರದೆಳೆಯಷ್ಟು ಇಳಿದದ್ದು ಬಿಟ್ಟರೆ ನೀರು ಅಲುಗಿಯೇ ಇರಲಿಲ್ಲ. ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ, ಚಂದ್ರನ ಸುಳಿವೇ ಇಲ್ಲ.

ಕವರು ಒಡೆಯುವ ಅಗತ್ಯವೇ ಬೀಳಲಿಲ್ಲ. ನಲ್ಲಪ್ಪನವರು ಹೇಳಬಾರದ್ದನ್ನು ಹೇಳಿದರು.

“ಇವಳಿಗೆ ಟೇಪು ಓದೋಕೆ ಬಂದಿಲ್ಲ ಸಾರ್. ದಿನಾ ಒಂದೇ ಅಂಕಿ ಬರ್ದವ್ಳೆ.”

ಅಶ್ವತ್ಥಮ್ಮ ಮಜ್ಜಿಗೆಯ ಚೊಂಬನ್ನು ಕೆಳಗಿಟ್ಟರು. ದನಿ ಎತ್ತಲಿಲ್ಲ.

“ದಿನಾ ಒಂದೇ ಒತ್ನಲ್ಲಿ ಅಳ್ದಿವ್ನಿ. ಬೆಳಿಗ್ಗೆ ಎದ್ದು ಮೊದ್ಲು ಬಿಂದ್ಗೆ ಇಳಿಬಿಡೋಕೆ ಮುಂಚೆ. ನಿಮ್ಮಂಗೆ ಒಂದು ವಾರ ಬೆಳಿಗ್ಗೆ, ಒಂದು ವಾರ ಸಾಯಂಕಾಲ ಅಳೆದ್ರೆ ಒಂದೇ ಅಂಕಿ ಎಂಗೆ ಬಂದಾತು?”

ಹನುಮಯ್ಯ ಥಟ್ಟನೆ ತಲೆ ಎತ್ತಿದರು. “ಒಂದು ವಾರ ಬೆಳಿಗ್ಗೆ, ಒಂದು ವಾರ ಸಾಯಂಕಾಲ?”

“ಅವ್ರ ಪಾಳಿ ಸಾರ್. ಫಸ್ಟ್ ಶಿಫ್ಟು ಇದ್ದಾಗ ಕೆಲ್ಸ ಮುಗಿಸ್ಕೊಂಡು ಬಂದು ನಾಕು ಗಂಟೆಗೆ ಅಳೀತಾರೆ. ಸೆಕೆಂಡ್ ಶಿಫ್ಟು ಇದ್ದಾಗ ಬೆಳಿಗ್ಗೆ ಎದ್ದು ಅಳೀತಾರೆ. ಸಾಯಂಕಾಲ ನೀರು ಒಂದು ಗೇಣು ಕಮ್ಮಿ ಇರ್ತದೆ. ಬೆಳಿಗ್ಗೆ ಮುಳುಗಿರೋ ಕಲ್ಲು ಸಾಯಂಕಾಲ ಕಾಣ್ತದೆ.”

“ಯಾವಾಗಿಂದ?” ಎಂದರು ನಲ್ಲಪ್ಪನವರು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

“ಬೇಲಿ ಆಚೆ ಆ ಬಣ್ಣ ಆಕೋ ಯೂನಿಟ್ನೋರು ಪಂಪು ಇಟ್ಟಾಗಿಂದ. ಬೆಳಿಗ್ಗೆ ಎಂಟಕ್ಕೆ ಸುರು ಮಾಡ್ತಾರೆ, ಸಾಯಂಕಾಲ ನಿಲ್ಲಿಸ್ತಾರೆ. ರಾತ್ರಿ ಎಲ್ಲ ಊರಿ ಮತ್ತೆ ತುಂಬ್ಕತದೆ. ಎರಡು ವರ್ಸ ಆಯ್ತು.”

“ಎರಡು ವರ್ಸದಿಂದ ಗೊತ್ತಿದ್ದು ಏಳ್ಲಿಲ್ವಲ್ಲೇ.”

“ನೀವು ಚಂದ್ರನ ಇಸ್ಯ ಮಾತಾಡ್ತಿದ್ರಿ. ಪಂಪಿನ ಇಸ್ಯ ಯಾರು ಕೇಳಿದ್ರು?”

ಆಮೇಲೆ ಹನುಮಯ್ಯ ಲೆಕ್ಕ ಬಿಡಿಸಿ ಹೇಳಿದರು. ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ, ಹಾಗಾಗಿ ಹದಿನಾಲ್ಕು ದಿನಕ್ಕೊಮ್ಮೆ ಅದೇ ಪಾಳಿ ತಿರುಗಿ ಬರುತ್ತದೆ. ಹುಣ್ಣಿಮೆಯಿಂದ ಅಮಾವಾಸ್ಯೆಗೆ ಹದಿನಾಲ್ಕು ಮುಕ್ಕಾಲು ದಿನ. ಎರಡು ಸೈಕಲ್ಲು ಜೊತೆಯಲ್ಲಿ ಹೊರಟ ಹಾಗೆ ಮೊದಮೊದಲು ಎರಡೂ ಒಟ್ಟಿಗೆ ಹೋದವು. ಆಮೇಲೆ ಪ್ರತಿ ಸಲ ಮುಕ್ಕಾಲು ದಿನ ಪಾಳಿ ಮುಂದೆ, ಚಂದ್ರ ಹಿಂದೆ. ನೀರಿಗೆ ಮುಂಚೆಯೇ ಗೊತ್ತಾಗುತ್ತಿದ್ದದ್ದು ಹುಣ್ಣಿಮೆಯಲ್ಲ, ನಲ್ಲಪ್ಪನವರ ಸೆಕೆಂಡ್ ಶಿಫ್ಟು. ಜಗತ್ತಿನಲ್ಲಿ ಎಷ್ಟೋ ಜನ ಎಷ್ಟೋ ಥರದ ತಪ್ಪು ಮಾಡಿರಬಹುದು. ಈ ತಪ್ಪು ಮಾಡಲು ಮಾತ್ರ ಶಿಫ್ಟಿನಲ್ಲಿ ದುಡಿಯುವವನೇ ಬೇಕು.

ನಲ್ಲಪ್ಪನವರು ಬಾಯಿಮಾತನ್ನು ನಂಬಲಿಲ್ಲ, ಅದು ಅವರ ಜಾಯಮಾನವಲ್ಲ. ಸೋಮವಾರ ರಜಾ ಹಾಕಿದರು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಗಂಟೆಗೊಂದು ಸಲ ಬಾವಿಗೆ ಟೇಪು ಬಿಟ್ಟರು. ಎಂಟರ ಮೇಲೆ ನೀರು ಇಳಿಯುತ್ತ ಬಂತು. ನಾಲ್ಕು ಗಂಟೆಗೆ ಸರಿಯಾಗಿ ಒಂದು ಗೇಣು. ಹೆಂಡತಿ ಹೇಳಿದ ಕಲ್ಲು ಅಲ್ಲಿ ಒದ್ದೆಯಾಗಿ ಹೊಳೆಯುತ್ತಿತ್ತಂತೆ.

ಮಂಗಳವಾರ ಅವರು ಸ್ಟೋರ್ಸಿನ ಕಿಟಕಿಗೆ ಬಂದಾಗ ನನಗೆ ಅವರ ಮುಖ ನೋಡಲು ಆಗಲಿಲ್ಲ. ಉಪನ್ಯಾಸಕ್ಕೆ ಐದು ದಿನ ಉಳಿದಿತ್ತು. ಹಳ್ಳಿಯವರು ಟ್ರಾಕ್ಟರ್ ಮಾಡಿಕೊಂಡು ಬರುವ ಸಿದ್ಧತೆಯಲ್ಲಿದ್ದರು. ನಾನು ಸುತ್ತ ಮುತ್ತ ನೋಡಿ, ದನಿ ತಗ್ಗಿಸಿ ಹೇಳಿದೆ.

“ನಲ್ಲಪ್ಪನೋರೇ, ಮೊದಲೆರಡು ತಿಂಗಳದ್ದು ಮಾತ್ರ ಓದಿ. ಅದರಲ್ಲಿ ಸುಳ್ಳೇನೂ ಇಲ್ಲವಲ್ಲ. ಹನುಮಯ್ಯನವರಿಗೆ ನಾನು ಹೇಳ್ಕೋತೀನಿ. ಮಿಕ್ಕಿದ್ದು ಯಾರಿಗೆ ಗೊತ್ತಾಗುತ್ತೆ?”

ಅವರು ನನ್ನನ್ನು ನೋಡಿದ ರೀತಿ ಇವತ್ತಿಗೂ ನೆನಪಿದೆ. ಸಿಟ್ಟಿನಿಂದ ನೋಡಿದ್ದರೆ ಮರೆಯಬಹುದಿತ್ತು.

“ಇಪ್ಪತ್ತು ವರ್ಸದಲ್ಲಿ ನೋ-ಗೋ ಒಳಕ್ಕೋದ ಪೀಸ್ಗೆ ನಾನು ಪಂಚ್ ಒಡ್ದಿದ್ದು ನೀನು ನೋಡಿದ್ದೀಯಾ ಶ್ಯಾಮಣ್ಣ?”

“ಇಲ್ಲ.”

“ಬೇರೆಯೋರ ಮಾಲಿಗೆ ಒಂದು ಗೇಜು, ನನ್ನ ಮಾಲಿಗೆ ಒಂದು ಗೇಜು ಇಟ್ಕಳ್ಳಾ?”

ನಾಚಿಕೆಯಿಂದ ನಾನು ರಿಜಿಸ್ಟರ್ ತೆಗೆದು ಅದರಲ್ಲಿ ಏನೋ ಹುಡುಕುವ ಹಾಗೆ ಮಾಡಿದೆ. ಅವರು ಕಿಟಕಿ ಬಿಟ್ಟು ಹೋಗಲಿಲ್ಲ. “ಉಪನ್ಯಾಸ ಮಾಡ್ತೀನಿ,” ಎಂದರು. “ಬೋರ್ಡು ಒರೆಸ್ಬೇಡ. ಒಂದು ರಿಜೆಕ್ಷನ್ ಸ್ಲಿಪ್ ಪುಸ್ತಕ ತಂದ್ಕೊಡು, ಸಾಕು.”

ಭಾನುವಾರ ಸಂಜೆ ಕ್ವಾರ್ಟರ್ಸಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದೆ ಸಾಹೇಬರು, ಹಿಂದೆ ಟರ್ನರುಗಳು, ಒಂದು ಪಕ್ಕ ಪೂರ್ತಿ ಹಳ್ಳಿಯ ಜನ. ಅಶ್ವತ್ಥಮ್ಮ ಹೆಂಗಸರ ಸಾಲಿನಲ್ಲಿ ನೀಲಿ ಸೀರೆ ಉಟ್ಟು ಕೂತಿದ್ದರು. ನಲ್ಲಪ್ಪನವರು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ವೇದಿಕೆ ಹತ್ತಿದರು. ಮೇಜಿನ ಮೇಲೆ ನೋಟ್‌ಬುಕ್ಕು, ಕ್ಯಾಲೆಂಡರು, ಗೇಜು ಇಟ್ಟರು. ಕೊನೆಗೆ ಚೀಲದಿಂದ ಒಂದು ಸಣ್ಣ ಡಬ್ಬಿ ಕೆಂಪು ಬಣ್ಣ ಮತ್ತು ಬ್ರಶ್ಶು ತೆಗೆದಿಟ್ಟರು. ಹಿಂದೆ ಕೂತಿದ್ದ ಟರ್ನರುಗಳಿಗೆ ಆ ಡಬ್ಬಿಯ ಗುರುತು ಹತ್ತಿ ಗುಸುಗುಸು ಎದ್ದಿತು.

ಅವರು ಮುಕ್ಕಾಲು ಗಂಟೆ ಮಾತಾಡಿದರು. ತಮಗೆ ಆಸೆ ಹುಟ್ಟಿದ್ದು ಹೇಗೆ, ಅಂಕಿ ಕೂಡಿದಾಗ ಎದೆ ಹೇಗೆ ಹೊಡೆದುಕೊಂಡಿತು, ಅಂಕಿ ಕೂಡದಿದ್ದಾಗ ತಾವು ಹೇಳಿದ ಸಬೂಬುಗಳು ಯಾವುವು, ಎಲ್ಲವನ್ನೂ ಹೇಳಿದರು. ಬೇಸಿಗೆ ನೀರು ಹಗುರ ಎಂಬ ಮಾತಿಗೆ ಇಡೀ ಸಭೆ ನಕ್ಕಿತು. ಅವರೂ ನಕ್ಕರು. ಕವರನ್ನು ಎಲ್ಲರೆದುರು ಒಡೆದು ತಮ್ಮ ಕೈಬರಹವನ್ನು ಓದಿದರು. ಕ್ಯಾಲೆಂಡರಿನ ಅಂಕಿ ಓದಿದರು. ಪಂಪಿನ ವಿಷಯ, ಪಾಳಿಯ ವಿಷಯ ಬಂದಾಗ ಟರ್ನರುಗಳು ತೊಡೆ ತಟ್ಟಿಕೊಂಡು ನಕ್ಕರು, ಯಾಕೆಂದರೆ ಅದು ಅವರ ಮನೆಯ ವಿಷಯವೂ ಆಗಿತ್ತು. ಇಷ್ಟೆಲ್ಲ ಆದಮೇಲೆ ಬ್ರಶ್ಶನ್ನು ಬಣ್ಣದಲ್ಲಿ ಅದ್ದಿ, ತಮ್ಮ ನೋಟ್‌ಬುಕ್ಕಿನ ರಟ್ಟಿನ ಮೇಲೆ ಅಡ್ಡಡ್ಡ ಒಂದು ಗೆರೆ ಎಳೆದರು.

ಹಿಂದಿನ ಸಾಲಿನ ಟರ್ನರುಗಳು ಎದ್ದು ನಿಂತು ನೋಡಿದರು.

“ರೂಲ್ಸ್ ಪ್ರಕಾರ ಕೆಂಪು ಬಣ್ಣ ಆಕಿದ್ರೆ ಸ್ಲಿಪ್ ಬರೀಬೇಕು,” ಎಂದರು ನಲ್ಲಪ್ಪನವರು. “ಸ್ಲಿಪ್ಪಿಗೆ ಮಾಲು ಮಾಡಿದೋನು ಸಹಿ ಆಕಂಗಿಲ್ಲ. ತಪಾಸಣೆ ಮಾಡಿದೋರು ಆಕ್ಬೇಕು. ಆ ಇನ್‌ಸ್ಪೆಕ್ಟ್ರು ಅಲ್ಲಿ ಕೂತವ್ರೆ. ಅವ್ರು ಟೇಪು ಓದಿದ್ದು ಸರಿಯಾಗಿತ್ತು. ಓದೋಕೆ ಬರಲ್ಲ ಅಂದೋನು ನಾನೇ.”

ಅಶ್ವತ್ಥಮ್ಮನಿಗೆ ತಮ್ಮನ್ನು ಕುರಿತ ಮಾತು ಎಂದು ಗೊತ್ತಾಗಲು ಒಂದು ಗಳಿಗೆ ಹಿಡಿಯಿತು. ಪಕ್ಕದವರು ತಿವಿದು ಎಬ್ಬಿಸಿದರು. ಆಕೆ ಸೆರಗು ಹೊದ್ದು, ತಲೆ ತಗ್ಗಿಸಿಕೊಂಡು, ಮುನ್ನೂರು ಜನರ ನಡುವೆ ನಡೆದು ವೇದಿಕೆ ಹತ್ತಿದರು. ಪೆನ್ನು ಹಿಡಿದು ಒಂದೊಂದೇ ಅಕ್ಷರ ಬರೆದರು. ಒತ್ತಕ್ಷರಗಳು ಜಾಸ್ತಿಯಿರುವ ಹೆಸರು, ಹೊತ್ತು ಹಿಡಿಯಿತು. ಬರೆದು ಮುಗಿಸಿ ಪೆನ್ನು ಕೆಳಗಿಟ್ಟಾಗ ಮೊದಲು ಚಪ್ಪಾಳೆ ತಟ್ಟಿದವರು ಇಪ್ಪತ್ತು ವರ್ಷ ನಲ್ಲಪ್ಪನವರಿಗೆ ಮುಖ ಗಂಟಿಕ್ಕಿದ ಟರ್ನರುಗಳು.

ಅಧ್ಯಕ್ಷರು ತಮ್ಮ ಕರ್ತವ್ಯ ಮರೆಯದೆ ಹನುಮಯ್ಯನವರ ಕಡೆ ತಿರುಗಿ, ಇದು ವಿಜ್ಞಾನ ಹೌದೋ ಅಲ್ಲವೋ ಹೇಳಿಬಿಡಿ ಎಂದರು. ಹನುಮಯ್ಯ ಎದ್ದು ನಿಂತರು. “ಚಂದ್ರ ಏರಿಸ್ತಾನೆ ಅಂತ ಹಟ ಹಿಡಿದಿದ್ದರೆ ಅಲ್ಲ ಅಂತಿದ್ದೆ. ಇವತ್ತು ಕೇಳಿದ್ದು ವಿಜ್ಞಾನವೇ,” ಎಂದು ಕೂತರು. ಎಂಜಿನಿಯರುಗಳ ಬಗ್ಗೆ ನನ್ನ ಅಭಿಪ್ರಾಯ ಆ ದಿನದಿಂದ ಸ್ವಲ್ಪ ಬದಲಾಗಿದೆ. ಸ್ಪ್ಯಾನರ್ ಮಾತ್ರ ಅವರು ಆಮೇಲೆಯೂ ವಾಪಸ್ ಕೊಡಲಿಲ್ಲ.

ಮಾರನೆಯ ದಿನದಿಂದ ಆ ಮನೆಯಲ್ಲಿ ಬಾವಿಯನ್ನು ದಿನಕ್ಕೆ ಎರಡು ಸಲ ಅಳೆಯುತ್ತಿದ್ದರು, ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು, ಗಡಿಯಾರ ನೋಡಿಕೊಂಡು. ನಲ್ಲಪ್ಪನವರು ರಿಟೈರ್ ಆಗುವವರೆಗೂ ಇದು ನಡೆಯಿತು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದರೆ, “ನಮ್ಗೇನು ಗೊತ್ತು, ಅಳ್ದು ನೋಡ್ತೀವಿ,” ಎಂದು ಇಬ್ಬರೂ ನಗುತ್ತಿದ್ದರು.

ಆ ಸ್ಲಿಪ್ಪಿನ ಕಾರ್ಬನ್ ಪ್ರತಿ ನನ್ನ ಹತ್ತಿರ ಉಳಿದಿದೆ. ಸ್ಟೋರ್ಸಿನ ಪುಸ್ತಕದಿಂದ ಅದೊಂದನ್ನು ಹರಿದಿಟ್ಟುಕೊಂಡದ್ದು ನಾನು ನೌಕರಿಯಲ್ಲಿ ಮಾಡಿದ ಒಂದೇ ಕಳ್ಳತನ. ಮಾಲು: ಬಾವಿಯ ಚಂದ್ರ. ಮಾಡಿದವರು: ನಲ್ಲಪ್ಪ. ತಪಾಸಣೆ: ಅಶ್ವತ್ಥಮ್ಮ. ತಿರಸ್ಕಾರಕ್ಕೆ ಕಾರಣ ಎಂಬ ಕಡೆ ನಲ್ಲಪ್ಪನವರ ದುಂಡನೆಯ ಅಕ್ಷರದಲ್ಲಿ ಒಂದು ಸಾಲು ಇದೆ: ‘ಮನೆಯಲ್ಲಿ ಗೊತ್ತಿದ್ದವರನ್ನು ಕೇಳಲಿಲ್ಲ.’